ಜಾಡು ಅರಿಯದ ವಿಮರ್ಶೆ: ಗೇರುಸೊಪ್ಪೆಯ ರಾಣಿಯಿಂದ ಅನಿಮೇಷನ್ ಬಾಹುಬಲಿಯವರೆಗೆ

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ನಿಯೋಗವೊಂದರ ಜೊತೆಗೆ ಹೊನ್ನಾವರಕ್ಕೆ ಬಂದಿಳಿದು, ಶರಾವತಿಯ ಹೊಳೆದಾರಿಯಲ್ಲಿ ಗೇರುಸೊಪ್ಪೆಗೆ ಹೋದನು. ಆ ನಿಯೋಗ ಹೊರಟಿದ್ದುದು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ. ಗೇರುಸೊಪ್ಪೆ ಆ ವೇಳೆಗೆ ಹಾಳಾಗಿತ್ತು. ಹಾಳಾದುದೇಕೆಂಬುದಕ್ಕೆ ಪ್ರವಾಸಿ ಒಂದು ಕಥೆಯನ್ನು ಬರೆದಿಟ್ಟಿದ್ದಾನೆ. ಇಲ್ಲಿಯ ಕೊನೆಯ ರಾಣಿ ಕುಲಹೀನನೂ ಪರಸ್ಥಳದವನೂ ಆದ ಒಬ್ಬನಿಗೆ ಮನಸೋತು ರಾಜ್ಯವನ್ನೇ ಅವನ ಕೈಗಿತ್ತಳು. ಅವನು ದ್ರೋಹ ಬಗೆದು ವೆಂಕಟಪ್ಪ ನಾಯಕನನ್ನು ಕರೆಸಿಕೊಂಡನು. ಬಂದವನು ಎಲ್ಲವನ್ನೂ ತನ್ನದಾಗಿಸಿಕೊಂಡನು. ಈ ಕಥೆ ನಾಲ್ಕು ಶತಮಾನಗಳಿಂದ ಚರಿತ್ರೆಯ ಪುಸ್ತಕಗಳಲ್ಲಿ ಉಳಿದುಕೊಂಡು ಬಂದಿದೆ. ನಂಬಿದವರು ಅದನ್ನು ಆಕರವೆಂದರು, ನಂಬದವರು ಅಪಪ್ರಚಾರವೆಂದರು. ಅದು ಎಂಥ ಕಥೆ, ಯಾವ ಅಚ್ಚಿನಲ್ಲಿ ಎರಕ ಹೊಯ್ದದ್ದು ಎಂದು ಕೇಳಿದವರು ಬಹಳ ಕಡಿಮೆ. ಹೆಣ್ಣು ಆಳಿದಳು, ಮೋಹಕ್ಕೆ ಬಿದ್ದಳು, ರಾಜ್ಯ ಕೆಟ್ಟಿತು ಎಂಬ ಕಥನ ಯುರೋಪಿಗೂ ಗೊತ್ತು, ಭಾರತಕ್ಕೂ ಗೊತ್ತು. ಹೊಸ ರಾಜನ ಆಸ್ಥಾನಕ್ಕೆ ಹೊರಟವರ ಕಿವಿಗೆ ಹಳೆಯ ರಾಣಿಯ ಬಗ್ಗೆ ಬಿದ್ದದ್ದು ಇಂಥದೇ ಕಥೆಯಾದುದರಲ್ಲಿ ಆಶ್ಚರ್ಯವಿಲ್ಲ. ಕಥೆಯ ಜಾತಿಯನ್ನು ಗುರುತಿಸಲಾರದವನು ಆಕರವನ್ನೂ ಓದಲಾರ. ಕಥನದ ಅಚ್ಚುಗಳ ಚರ್ಚೆ ಜನಪ್ರಿಯ ಪುಸ್ತಕಗಳ ಗೊಡವೆ, ಸಂಶೋಧಕರಿಗೆ ಸಂಬಂಧಿಸಿದ್ದಲ್ಲ ಎನ್ನುವವರು ಮೊದಲು ಈ ಪ್ರವಾಸಕಥನದ ಮುಂದೆ ನಿಲ್ಲಬೇಕು.

ಈ ರಾಣಿಯೇ ಚೆನ್ನಭೈರಾದೇವಿ. ನಗಿರೆಯ ಸಾಳುವ ಮನೆತನದ ಜೈನ ರಾಣಿ. ಪೋರ್ಚುಗೀಸರ ಬಾಯಲ್ಲಿ ಕರಿಮೆಣಸಿನ ರಾಣಿ. ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಗುರುತಿಸಲಾಗುತ್ತದೆ. ಡಾ. ಗಜಾನನ ಶರ್ಮ ಅವರು ಆಕೆಯನ್ನು ಕುರಿತು ಬರೆದ ಕಾದಂಬರಿಯ ಉಪಶೀರ್ಷಿಕೆ 'ಕರಿಮೆಣಸಿನ ರಾಣಿಯ ಅಕಳಂಕ ಚರಿತೆ'. 'ಅಕಳಂಕ' ಎಂಬ ಪದವೇ ಕೃತಿಯ ಜಾಡನ್ನು ಹೇಳುತ್ತದೆ: ಇದು ಕಳಂಕವನ್ನು ತೊಳೆಯಲು ಹೊರಟ ಕಥನ, ಪ್ರತಿವಾದಿಯ ಕಥನ. (ಹಾಡುವಳ್ಳಿಯ ಜೈನಮಠದ ಗುರುಪರಂಪರೆಯಲ್ಲಿ ಅಕಳಂಕ ಎಂಬ ಹೆಸರೇ ಇತ್ತೆಂಬುದನ್ನು ನೆನೆದರೆ ಈ ಪದಕ್ಕೆ ಇನ್ನೊಂದು ಅರ್ಥವೂ ಕೂಡಿಕೊಳ್ಳುತ್ತದೆ.) ಇಂಥ ಕಾದಂಬರಿ ಬಂದಾಗ ಕನ್ನಡದ ವಿಮರ್ಶೆ ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಒಂದು, ಚರಿತ್ರೆಗೆ ಎಷ್ಟು ನಿಷ್ಠವಾಗಿದೆ ಎಂದು ಅಳೆಯುವುದು. ಇನ್ನೊಂದು, ಮರೆತ ರಾಣಿಯೊಬ್ಬಳನ್ನು ಬೆಳಕಿಗೆ ತಂದಿತೆಂದು ಅಭಿನಂದಿಸುವುದು. ಮೊದಲನೆಯದು ಶಾಸನತಜ್ಞನ ಕೆಲಸ, ಎರಡನೆಯದು ಸನ್ಮಾನ ಸಮಿತಿಯ ಕೆಲಸ. ಪ್ರತಿವಾದದ ಕಥನ ತನ್ನ ನಾಯಿಕೆಯನ್ನು ತೊಳೆಯುವ ಭರದಲ್ಲಿ ಅವಳಿಗೆ ತಪ್ಪು ಮಾಡುವ ಸ್ವಾತಂತ್ರ್ಯವನ್ನು ಉಳಿಸುತ್ತದೆಯೇ, ಎದುರಾಳಿಗೆ ಒಳ್ಳೆಯ ಮಾತೊಂದನ್ನಾದರೂ ಕೊಡುತ್ತದೆಯೇ, ಸೋಲು ಮೊದಲೇ ತಿಳಿದಿರುವ ಕಥೆಯಲ್ಲಿ ಕುತೂಹಲವನ್ನು ಎಲ್ಲಿಂದ ತರುತ್ತದೆ: ಐತಿಹಾಸಿಕ ಕಾದಂಬರಿಯ ವಿಮರ್ಶೆ ಕೇಳಬೇಕಾದ ಪ್ರಶ್ನೆಗಳಿವು. ಇವನ್ನು ಕೇಳದೆ ಬರೆದ ಹೊಗಳಿಕೆಯಿಂದಲೂ ತೆಗಳಿಕೆಯಿಂದಲೂ ಕೃತಿಗೆ ಪ್ರಯೋಜನವಿಲ್ಲ.

ಕೊರತೆ ಇರುವುದು ಪರಿಭಾಷೆಯಲ್ಲಿಯೇ. ಕನ್ನಡದಲ್ಲಿ 'ಸಾಹಿತ್ಯ ಪ್ರಕಾರ' ಎಂದರೆ ಕಾದಂಬರಿ, ಸಣ್ಣಕಥೆ, ನಾಟಕ, ಪ್ರಬಂಧ. ಪತ್ತೇದಾರಿ, ಭಯಾನಕ, ಅದ್ಭುತ, ವೈಜ್ಞಾನಿಕ, ಐತಿಹಾಸಿಕ ಎಂಬ ಭೇದಗಳಿಗೆ ಗಟ್ಟಿಯಾದ ಹೆಸರಿಲ್ಲ. ಇವು ಕಾದಂಬರಿಯಲ್ಲೂ ಬರುತ್ತವೆ, ಸಿನಿಮಾದಲ್ಲೂ ಬರುತ್ತವೆ, ಚಿತ್ರಕಥೆಯಲ್ಲೂ ಬರುತ್ತವೆ, ಆದುದರಿಂದ ಪ್ರಕಾರವೆನ್ನಲಾಗದು. ರಸವೆಂದೂ ಅನ್ನಲಾಗದು. ರಸ ಸಹೃದಯನಲ್ಲಿ ಹುಟ್ಟುವಂಥದು. ಇದಾದರೋ ಕಥೆ ಹೇಳುವವನಿಗೂ ಕೇಳುವವನಿಗೂ ನಡುವೆ ಮೊದಲೇ ಆಗಿರುವ ಒಪ್ಪಂದ. ಇದನ್ನು 'ಜಾಡು' ಎನ್ನಬಹುದು. ಹಿಂದೆ ನಡೆದವರ ಹೆಜ್ಜೆಯಿಂದ ಮೂಡಿದ ದಾರಿ ಅದು. ಅದರಲ್ಲಿ ನಡೆಯಲೂಬಹುದು, ಬೇಕೆಂದೇ ತಪ್ಪಲೂಬಹುದು. ಆದರೆ ತಪ್ಪಿದ್ದು ಗೊತ್ತಾಗಬೇಕಾದರೆ ದಾರಿ ಗೊತ್ತಿರಬೇಕು.

ಹೆಸರಿಲ್ಲದ್ದಕ್ಕೆ ಮಾನವೂ ಇಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಅಕ್ಷರದ ರುಚಿ ಹತ್ತಿಸಿಕೊಂಡ ತಲೆಮಾರೇ ಕರ್ನಾಟಕದಲ್ಲಿತ್ತು. ಕನ್ನಡ ಬಾವುಟದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು. 1972ರ 'ಬಂಗಾರದ ಮನುಷ್ಯ'ಕ್ಕೆ ಕಥೆ ಕೊಟ್ಟ ಟಿ.ಕೆ. ರಾಮರಾವ್ ಅವರದೂ ಅದೇ ಹಾದಿ. ಸಾಹಿತ್ಯ ಚರಿತ್ರೆಗಳಲ್ಲಿ ಇವರಿಗೆ ಸಿಗುವ ಜಾಗ ಎಷ್ಟೆಂಬುದನ್ನು ವಿದ್ಯಾರ್ಥಿಗಳು ತಾವೇ ಪುಟ ತೆರೆದು ನೋಡಬಹುದು. 'ಓದುಗರನ್ನು ಬೆಳೆಸಿದರು' ಎಂಬ ಒಂದು ವಾಕ್ಯ, ಅಷ್ಟೇ. ಹೇಗೆ ಬೆಳೆಸಿದರು, ಯಾವ ತಂತ್ರದಿಂದ, ಸುಳಿವನ್ನು ಎಲ್ಲಿ ಬಚ್ಚಿಟ್ಟರು, ಎಲ್ಲಿ ಮೋಸ ಮಾಡಿದರು ಎಂಬುದಕ್ಕೆ ವಿಮರ್ಶೆ ತಲೆಕೆಡಿಸಿಕೊಂಡಿಲ್ಲ.

ಇದರಿಂದ ನಷ್ಟವಾದದ್ದು ಪತ್ತೇದಾರಿ ಲೇಖಕರಿಗೆ ಮಾತ್ರವೆಂದು ತಿಳಿಯಬಾರದು. ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ' (1979) ಕನ್ನಡದ ಹಿರಿಯ ಕಾದಂಬರಿಗಳಲ್ಲೊಂದು. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ ತನ್ನ ಮೇಲಿನ ಆರೋಪವೇನೆಂಬುದೇ ತಿಳಿಯದೆ ಅದರ ಬೆನ್ನು ಹತ್ತುತ್ತಾನೆ. ಇದನ್ನು ಕುರಿತು ಬರೆಯುವವರಿಗೆ ಕಾಫ್ಕಾ ತಕ್ಷಣ ನೆನಪಾಗುತ್ತಾನೆ, ಅಸ್ತಿತ್ವವಾದ ನೆನಪಾಗುತ್ತದೆ. ಪತ್ತೇದಾರಿ ಕಾದಂಬರಿ ಮಾತ್ರ ನೆನಪಾಗುವುದಿಲ್ಲ. ಆದರೆ 'ಶಿಕಾರಿ' ಓದುಗನನ್ನು ಹಿಡಿದಿಡುವ ಬಿಗಿ ಬಂದದ್ದು ಆ ಜಾಡಿನಿಂದಲೇ: ಗುಟ್ಟು, ಸುಳಿವು, ಸಂಶಯ, ತಡೆಹಿಡಿದ ಮಾಹಿತಿ. ಚಿತ್ತಾಲರ ಸಾಧನೆಯೆಂದರೆ ಆರೋಪಿಯನ್ನೇ ಪತ್ತೇದಾರನನ್ನಾಗಿ ಮಾಡಿದ್ದು, ಮತ್ತು ಪತ್ತೆಯಾದ ಮೇಲೂ ನೆಮ್ಮದಿ ಸಿಗದಂತೆ ಮಾಡಿದ್ದು. ಮೊದಲಿನ ಜಾಡನ್ನು ಕೀಳೆಂದು ಬದಿಗಿಟ್ಟ ವಿಮರ್ಶೆಗೆ ಈ ಸಾಧನೆಯ ಅರ್ಧಭಾಗ ಕಾಣುವುದೇ ಇಲ್ಲ. ಹೊನ್ನಾವರ ಸೀಮೆಯಿಂದ ಬಂದ ಶಂಕರ್ ನಾಗ್ ಅವರ ವಿಷಯದಲ್ಲೂ ಇದೇ ಆಯಿತು. 'ಮಾಲ್ಗುಡಿ ಡೇಸ್' (1987) ಎಂದರೆ ಸಾಹಿತ್ಯ ವಿಭಾಗಗಳು ಎದ್ದು ಕೂರುತ್ತವೆ, ಏಕೆಂದರೆ ಅದರ ಹಿಂದೆ ಆರ್.ಕೆ. ನಾರಾಯಣ್ ಇದ್ದಾರೆ. ಕಾರುಗಳ್ಳರ ಕಥೆಯಾದ 'ಮಿಂಚಿನ ಓಟ' (1980) ಅದೇ ಕಲಾವಿದನ ಕೃತಿ. ಅಪರಾಧಚಿತ್ರದ ವೇಗವನ್ನು ಕನ್ನಡಕ್ಕೆ ಹೊಂದಿಸಿದ ಪ್ರಯತ್ನ. ಪುಸ್ತಕದ ನೆರಳು ಬೀಳದ ಚಿತ್ರವನ್ನು ಓದುವುದು ಹೇಗೆಂದು ಸಾಹಿತ್ಯ ವಿಮರ್ಶಕರಿಗೆ ತೋಚಲಿಲ್ಲ.

ಜಾಡಿನ ಸಾಹಿತ್ಯ ಕೀಳೆಂಬ ಭಾವನೆ ಕನ್ನಡಕ್ಕೆ ಹಳೆಯದಲ್ಲ. ಹಳಗನ್ನಡದ ಜೈನ ಕಾವ್ಯಗಳೆಲ್ಲವೂ ಜಾಡಿನಲ್ಲಿ ನಡೆದವೇ. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಜಲಕ್ರೀಡೆ, ಪ್ರಯಾಣ, ಯುದ್ಧ ಎಂದು ಮುಂತಾಗಿ ಅಷ್ಟಾದಶ ವರ್ಣನೆಗಳು ಕಡ್ಡಾಯವೆಂಬಂತೆ ಬರುತ್ತಿದ್ದವು. ಓದುಗ ಅವುಗಳಿಗಾಗಿ ಕಾಯುತ್ತಿದ್ದನು. ಕವಿ ಅದೇ ಚಂದ್ರೋದಯವನ್ನು ಬೇರೆಯವರಿಗಿಂತ ಹೇಗೆ ಬೇರೆಯಾಗಿ ಹೇಳಿದನೆಂಬುದೇ ಪರೀಕ್ಷೆಯಾಗಿತ್ತು. ಇದೇ ಗೇರುಸೊಪ್ಪೆ-ಹಾಡುವಳ್ಳಿಗಳ ಪರಿಸರದ ಅಭಿನವವಾದಿ ವಿದ್ಯಾನಂದನು ಸುಮಾರು 1533ರಲ್ಲಿ 'ಕಾವ್ಯಸಾರ'ವನ್ನು ಸಂಕಲಿಸಿದನು. ಹಿಂದಿನ ಕವಿಗಳ ಪದ್ಯಗಳನ್ನು ಅವನು ವಿಂಗಡಿಸಿದ್ದು ಕವಿವಾರಾಗಿ ಅಲ್ಲ, ವಸ್ತುವಾರಾಗಿ. ಒಂದೇ ವರ್ಣನೆಯಲ್ಲಿ ಹಲವು ಕವಿಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಯಾರು ಜಾಡಿನಲ್ಲಿ ಸುಮ್ಮನೆ ನಡೆದರು, ಯಾರು ಅದನ್ನು ತಿರುಗಿಸಿದರು ಎಂಬುದು ತಾನಾಗಿ ಕಾಣುತ್ತದೆ. ವಿದ್ಯಾನಂದ ವಾದಕ್ಕೆ ಹೆಸರಾದವನು. ಅವನ ವಾದವಿಜಯಗಳನ್ನು ಹುಂಚದ ಶಾಸನ ಕೊಂಡಾಡುತ್ತದೆ. ಆದರೂ ಇಲ್ಲಿ ಒಂದು ಮಾತೂ ವಾದಿಸದೆ, ಬರಿಯ ಜೋಡಣೆಯಿಂದಲೇ ವಿಮರ್ಶೆ ಮಾಡಿದ್ದಾನೆ. ನಗಿರೆಯ ಸಾಳ್ವಮಲ್ಲನ ಆಶ್ರಯದ ಸಾಳ್ವ ಕವಿ 'ರಸರತ್ನಾಕರ'ದಲ್ಲಿ ರಸಗಳ ಲಕ್ಷಣವನ್ನು ಕನ್ನಡದಲ್ಲೇ ನಿರೂಪಿಸಿದನು. ಅದೇ ಕವಿ ಜೈನ ಭಾರತವನ್ನೂ ಬರೆದನು: ಹಳೆಯ ಕಥೆಯ ಹೊಸ ಆವೃತ್ತಿ.

ಚೆನ್ನಭೈರಾದೇವಿಯ ರಾಜ್ಯ ಬೀಳುವುದಕ್ಕೆ ಎರಡು ವರ್ಷ ಮೊದಲು, 1604ರಲ್ಲಿ, ಹಾಡುವಳ್ಳಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕನು 'ಕರ್ಣಾಟಕ ಶಬ್ದಾನುಶಾಸನ'ವನ್ನು ಮುಗಿಸಿದನು. ಕನ್ನಡ ಶಾಸ್ತ್ರಕ್ಕೆ ಒದಗದ ಭಾಷೆ ಎಂಬ ಆಕ್ಷೇಪಕ್ಕೆ ಅವನು ಅಲ್ಲಿ ಉತ್ತರ ಹೇಳುತ್ತಾನೆ. 'ಚೂಡಾಮಣಿ'ಯಂಥ ಬೃಹತ್ ಕೃತಿ ಕನ್ನಡದಲ್ಲಿದ್ದುದನ್ನು ನೆನಪಿಸುತ್ತಾನೆ. ಆದರೆ ಅವನ ನಿಜವಾದ ಉತ್ತರ ಆ ವಾದವಲ್ಲ. ಸಂಸ್ಕೃತ ಸೂತ್ರಗಳಲ್ಲಿ, ವೃತ್ತಿ-ವ್ಯಾಖ್ಯಾನಗಳ ಸಮೇತ, ಕನ್ನಡದ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟದ್ದೇ ಅವನ ಉತ್ತರ. ಇಂದು ಪತ್ತೇದಾರಿ, ಚಿತ್ರಕಥೆ, ಅನಿಮೇಷನ್‌ಗಳ ಪರವಾಗಿ ಮಾತಾಡುವವರು 'ಇವನ್ನೂ ಗೌರವಿಸಿ' ಎಂದು ಗೋಗರೆಯುತ್ತಾರೆ. ಗೌರವ ಬೇಡಿ ಪಡೆಯುವಂಥದಲ್ಲ. ಭಟ್ಟಾಕಳಂಕನಂತೆ ವ್ಯಾಕರಣ ಬರೆಯಬೇಕು: ಈ ಜಾಡಿನ ಕ್ರಿಯಾಪದ ಯಾವುದು, ಸಂಧಿ ಎಲ್ಲಿ, ಲೋಪ ಎಲ್ಲಿ, ಅಪವಾದ ಯಾವುದು.

ಒಂದೇ ಕಥೆ ಹಲವು ಮಾಧ್ಯಮಗಳಲ್ಲಿ ಬಂದಾಗ ವಿಮರ್ಶಿಸುವುದು ಹೇಗೆಂಬ ಪ್ರಶ್ನೆಗೆ ಪರದೇಶದ ಸಿದ್ಧಾಂತಗಳನ್ನು ತರಿಸುವ ಮೊದಲು ಹೊನ್ನಾವರ, ಕುಮಟಾ, ಭಟ್ಕಳಗಳ ಯಕ್ಷಗಾನ ಪ್ರೇಕ್ಷಕನನ್ನು ಕೇಳಬಹುದು. ಅದೇ ಪ್ರಸಂಗ ಒಂದು ದಿನ ಬಯಲಾಟವಾಗಿ ಬರುತ್ತದೆ, ಇನ್ನೊಂದು ದಿನ ತಾಳಮದ್ದಳೆಯಾಗಿ ಬರುತ್ತದೆ. ಆಟದಲ್ಲಿ ವೇಷವಿದೆ, ಕುಣಿತವಿದೆ. ತಾಳಮದ್ದಳೆಯಲ್ಲಿ ಕುಳಿತು ಅರ್ಥ ಹೇಳುವುದಷ್ಟೇ. ತಾಳಮದ್ದಳೆಯ ಭೀಷ್ಮ ಗಂಟೆಗಟ್ಟಲೆ ಧರ್ಮಸೂಕ್ಷ್ಮವನ್ನು ಎಳೆಎಳೆಯಾಗಿ ಬಿಡಿಸಿದರೆ ಸಭೆ ತಲೆದೂಗುತ್ತದೆ. ಅದೇ ಭೀಷ್ಮ ರಂಗಸ್ಥಳದಲ್ಲಿ ಹಾಗೆ ನಿಂತರೆ ಜನ ಚಹಾದಂಗಡಿಗೆ ಎದ್ದು ಹೋಗುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರು ಪ್ರಸಂಗಪುಸ್ತಕವನ್ನು ತೆರೆದು 'ಮೂಲಕ್ಕೆ ನಿಷ್ಠವೇ' ಎಂದು ಕೇಳಲಿಲ್ಲ. ಕೆರೆಮನೆ ಶಂಭು ಹೆಗಡೆಯವರದನ್ನು ಕಂಡವರು ಪಾತ್ರದ ಒಳಗನ್ನು ಕುರಿತು ಮಾತಾಡಿದರು. ಬೆಳಗಿನ ಜಾವ ಮನೆಗೆ ನಡೆಯುವಾಗ ನಡೆಯುತ್ತಿದ್ದ ಆ ಮಾತುಕತೆಯಲ್ಲಿ ಕವಿ ಬೇರೆ, ಭಾಗವತ ಬೇರೆ, ವೇಷಧಾರಿ ಬೇರೆ. ಯಾರ ಹೊಣೆ ಎಷ್ಟೆಂಬ ಲೆಕ್ಕ ಸ್ಪಷ್ಟವಾಗಿತ್ತು. ಕಾದಂಬರಿಯೊಂದು ಸಿನಿಮಾ ಆದ ಕೂಡಲೇ 'ಕಾದಂಬರಿಯಷ್ಟು ಚೆನ್ನಾಗಿಲ್ಲ' ಎಂದು ಬರೆದು ಕೈತೊಳೆದುಕೊಳ್ಳುವ ವಿಮರ್ಶಕನಿಗಿಂತ ಆ ಪ್ರೇಕ್ಷಕ ಹೆಚ್ಚು ತಿಳಿದವನು.

ಈ ಅಳತೆಗೋಲನ್ನು ಬಾಹುಬಲಿಯ ಮೇಲೆ ಇಟ್ಟು ನೋಡಬಹುದು. ಕ್ರಿ.ಶ. 941ರ ಪಂಪನ 'ಆದಿಪುರಾಣ'ದಲ್ಲಿ ಅಣ್ಣತಮ್ಮಂದಿರ ಸೇನೆಗಳು ಸುಮ್ಮನೆ ನಿಲ್ಲುತ್ತವೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಮಾತ್ರ ನಡೆಯುತ್ತವೆ. ಮೂರರಲ್ಲೂ ಗೆದ್ದ ಬಾಹುಬಲಿ ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಸುಮಾರು 1557ರಲ್ಲಿ ರತ್ನಾಕರವರ್ಣಿ 'ಭರತೇಶ ವೈಭವ'ವನ್ನು ಸಾಂಗತ್ಯದಲ್ಲಿ ಬರೆದಾಗ ಆ ಯುದ್ಧಗಳನ್ನೇ ತೆಗೆದುಬಿಟ್ಟನು. ಅಲ್ಲಿ ಭರತನ ಮಾತೇ ತಮ್ಮನನ್ನು ಕರಗಿಸುತ್ತದೆ. ಜೈನ ಪರಂಪರೆಯ ಒಳಗೇ, ಅತ್ಯಂತ ಪವಿತ್ರವೆನಿಸಿದ ಪ್ರಸಂಗದಲ್ಲೇ, ಇಷ್ಟು ದೊಡ್ಡ ಬದಲಾವಣೆ! ರತ್ನಾಕರನ ನಾಯಕ ಭರತ. ಭೋಗದ ನಡುವೆಯೇ ಯೋಗವನ್ನು ಸಾಧಿಸುವವನು. ಅವನನ್ನು ತಮ್ಮನ ಕೈಯಲ್ಲಿ ಮೂರು ಬಾರಿ ಸೋಲಿಸಿ ಆ ಕಾವ್ಯವನ್ನು ಕಟ್ಟಲಾಗುತ್ತಿರಲಿಲ್ಲ. ಕಾವ್ಯದ ಜಾಡು ಬದಲಾಯಿತು, ಆದುದರಿಂದ ಘಟನೆಯೂ ಬದಲಾಯಿತು. ಇದನ್ನು ಒಪ್ಪಿಕೊಂಡವರು ಸಿನಿಮಾ ಕಥೆ ಬದಲಿಸಿದೊಡನೆ ಸಿಡಿಮಿಡಿಗೊಳ್ಳುವುದು ಹೇಗೆ ನ್ಯಾಯ?

ಕರಾವಳಿಯ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರ ಕಥಾ ಮಾಲೆ ಬಾಹುಬಲಿಯನ್ನು ಮಕ್ಕಳ ಕೈಗೆ ತಲುಪಿಸಿತು. (ಆ ಮಾಲೆಯ ಮೊದಲ ಹೆಜ್ಜೆಗಳು ಬೆಂಗಳೂರಿನಲ್ಲಿ, ಕನ್ನಡಕ್ಕೆ ಬಂದ ಪಾಶ್ಚಾತ್ಯ ಕಿನ್ನರಕಥೆಗಳಿಂದ ಆರಂಭವಾದವೆಂಬುದು ಕನ್ನಡ ವಿದ್ಯಾರ್ಥಿಗಳಿಗೇ ಹೆಚ್ಚಾಗಿ ತಿಳಿದಿಲ್ಲ.) ಆಮೇಲೆ 2015ರಲ್ಲೂ 2017ರಲ್ಲೂ ಎಸ್.ಎಸ್. ರಾಜಮೌಳಿಯವರ ಎರಡು ಚಿತ್ರಗಳು ಬಂದವು. 2017ರಲ್ಲೇ ಆನಂದ್ ನೀಲಕಂಠನ್ ಅವರ 'ದಿ ರೈಸ್ ಆಫ್ ಶಿವಗಾಮಿ' ಕಾದಂಬರಿ, 'ದಿ ಲಾಸ್ಟ್ ಲೆಜೆಂಡ್ಸ್' ಎಂಬ ಅನಿಮೇಷನ್ ಸರಣಿ. 2024ರಲ್ಲಿ 'ಕ್ರೌನ್ ಆಫ್ ಬ್ಲಡ್' ಎಂಬ ಇನ್ನೊಂದು ಸರಣಿ. ಇಂದು ಹತ್ತು ವರ್ಷದ ಮಗುವಿಗೆ ಬಾಹುಬಲಿ ಎಂದರೆ ಶ್ರವಣಬೆಳಗೊಳದ ಮೂರ್ತಿಯಲ್ಲ, ಮಾಹಿಷ್ಮತಿಯ ಖಡ್ಗಧಾರಿ. ಜೈನ ವಿದ್ವಾಂಸರಲ್ಲಿ ಕೆಲವರಿಗೆ ಇದು ಹೆಸರಿನ ಕಳವಿನಂತೆ ಕಂಡರೆ ಆ ನೋವು ಸಹಜ. ಆದರೆ ನೋವು ವಿಮರ್ಶೆಯಲ್ಲ. ಅದ್ಭುತಕಥೆಗೆ ಹೆಸರು ಎಲ್ಲಿಂದಲಾದರೂ ಬರಬಹುದು. ಕೇಳಬೇಕಾದದ್ದು ಬೇರೆ: ಸಿಂಹಾಸನಕ್ಕಾಗಿ ಹೋರುವ ಸೋದರರ ಕಥೆಯನ್ನು ಆಯ್ದು, ಅದರಲ್ಲೊಬ್ಬನಿಗೆ ಈ ಹೆಸರನ್ನೇ ಇಟ್ಟ ಚಿತ್ರ, ಗೆದ್ದು ಬಿಡುವುದೆಂಬ ಸಾಧ್ಯತೆಯನ್ನು ಎಲ್ಲಿಟ್ಟಿತು? ಸಿಂಹಾಸನ ಸಿಗದಾಗಲೂ ಅದನ್ನು ಹಂಬಲಿಸದೆ ಜನರ ನಡುವೆ ಬದುಕುವ ಅಮರೇಂದ್ರನಲ್ಲಿ ಅದರ ಎಳೆಯೊಂದಿದೆ. ಆದರೆ ಚಿತ್ರ ಆ ಎಳೆಯನ್ನು ಸೇಡಿನ ಕಥೆಗೆ ಇಂಧನವಾಗಿ ಬಳಸಿ ಮುಗಿಸುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ಕುತೂಹಲಕರ. ಚಿತ್ರದಲ್ಲಿ ಮುಗಿಲೆತ್ತರದ ಮೂರ್ತಿ ನಿಲ್ಲುವುದು ಬಾಹುಬಲಿಗಲ್ಲ, ರಾಜ್ಯವನ್ನು ಕಿತ್ತುಕೊಂಡ ಭಲ್ಲಾಳದೇವನಿಗೆ. ಕೊನೆಗೆ ಅದರ ತಲೆ ಉರುಳುತ್ತದೆ. ಬೆಳಗೊಳದಲ್ಲಿ ಬಿಟ್ಟವನಿಗೆ ಮೂರ್ತಿ, ಮಾಹಿಷ್ಮತಿಯಲ್ಲಿ ಕಿತ್ತುಕೊಂಡವನಿಗೆ ಮೂರ್ತಿ. ಅರಿತು ಮಾಡಿದರೋ ಅರಿಯದೆ ಆಯಿತೋ, ಇಡೀ ಚಿತ್ರದಲ್ಲಿ ಬಾಹುಬಲಿಯ ಪುರಾಣದೊಡನೆ ಅತ್ಯಂತ ಹತ್ತಿರದಿಂದ ಮಾತಾಡುವ ಅಂಶ ಇದೇ. ಗಳಿಕೆಯ ಕೋಟಿಗಳನ್ನೂ ಗ್ರಾಫಿಕ್ಸಿನ ವೈಭವವನ್ನೂ ಎಣಿಸುತ್ತ ಕುಳಿತ ವಿಮರ್ಶೆಗೆ ಇದು ಕಾಣಬೇಕಾಗಿತ್ತು.

ಅನಿಮೇಷನ್ ಬಂದರಂತೂ ಕನ್ನಡದ ವಿಮರ್ಶೆ ಮಾತೇ ಕಳೆದುಕೊಳ್ಳುತ್ತದೆ. 'ಮಕ್ಕಳಿಗೆ ಒಳ್ಳೆಯದು' ಎಂದು ಮುಗಿಸುತ್ತದೆ. ಕನ್ನಡದ ಮಕ್ಕಳೆಲ್ಲರಿಗೂ ಗೊತ್ತಿರುವ ಗೋವಿನ ಹಾಡನ್ನು ಆಧರಿಸಿ ರವಿಶಂಕರ್ ಅವರು ಸಂಸ್ಕೃತದಲ್ಲಿ 'ಪುಣ್ಯಕೋಟಿ' ಎಂಬ ಅನಿಮೇಷನ್ ಚಿತ್ರ ಮಾಡಿದಾಗ ಮಾತು ನಡೆದದ್ದು ಬಹುಪಾಲು ಭಾಷೆಯ ಬಗ್ಗೆ, ಸಂಸ್ಕೃತಿಯ ಬಗ್ಗೆ. ಗೆರೆಯ ಬಗ್ಗೆ ಯಾರು ಮಾತಾಡಬೇಕು? ಹಾಡಿನಲ್ಲಿ ಹುಲಿಯ ಹಸಿವು ಒಂದು ಮಾತಿನಲ್ಲಿ ಮುಗಿಯುತ್ತದೆ. ಚಿತ್ರದಲ್ಲಿ ಆ ಹಸಿವಿಗೆ ಮೈಬೇಕು, ನಡಿಗೆ ಬೇಕು. ಹುಲಿಯನ್ನು ಎಷ್ಟು ಕ್ರೂರವಾಗಿ ಬರೆಯಬೇಕು, ಎಷ್ಟು ಕರುಣಾಜನಕವಾಗಿ ಬರೆಯಬೇಕು ಎಂಬ ತೀರ್ಮಾನ ಗೆರೆಯಲ್ಲೇ ಆಗುತ್ತದೆ, ಮತ್ತು ಅಹಿಂಸೆಯ ಅರ್ಥವೂ ಆ ತೀರ್ಮಾನದಲ್ಲೇ ಇದೆ.

ಹೀಗೆ ಎಲ್ಲಕ್ಕೂ ಮಣೆ ಹಾಕಿದರೆ ಕಸಕ್ಕೂ ಕಾವ್ಯಕ್ಕೂ ವ್ಯತ್ಯಾಸ ಉಳಿಯದು ಎಂಬ ಆಕ್ಷೇಪ ಬರುತ್ತದೆ. ವಾಸ್ತವ ಇದಕ್ಕೆ ತಿರುಗುಮುರುಗು. ಜಾಡನ್ನು ಬಲ್ಲ ವಿಮರ್ಶೆಯೇ ನಿಷ್ಠುರವಾಗಬಲ್ಲದು. ಓದುಗನಿಗೆ ಒಮ್ಮೆಯೂ ತೋರಿಸದ ವ್ಯಕ್ತಿಯನ್ನು ಕೊನೆಯ ಅಧ್ಯಾಯದಲ್ಲಿ ಕೊಲೆಗಾರನೆಂದು ತಂದು ನಿಲ್ಲಿಸುವ ಪತ್ತೇದಾರಿ ಕಾದಂಬರಿ ಮೋಸದ ಕಾದಂಬರಿ ಎಂದು ಹೇಳಲು ಆ ಜಾಡಿನ ನಿಯಮ ಗೊತ್ತಿರಬೇಕು. ಹೆದರಿಸುವುದಕ್ಕೆ ಬರಿಯ ಕಿವಿಗಡಚಿಕ್ಕುವ ಸದ್ದನ್ನೇ ನಂಬಿದ ಸಿನಿಮಾ ಸೋಮಾರಿ ಸಿನಿಮಾ ಎಂಬುದನ್ನೂ ಬಲ್ಲವನೇ ಹೇಳಬೇಕು. ಎಲ್ಲವನ್ನೂ ಒಟ್ಟಾಗಿ 'ಜನಪ್ರಿಯ' ಎಂದು ಗಂಟುಕಟ್ಟಿ ಮೂಲೆಗೆ ಎಸೆದವರೇ ಕಸವನ್ನು ಕಾಪಾಡಿದವರು. ಎಸೆದ ಗಂಟನ್ನು ಯಾರೂ ಬಿಚ್ಚಿ ನೋಡುವುದಿಲ್ಲವಲ್ಲ. ಸೈದ್ಧಾಂತಿಕ ವಿಮರ್ಶೆ ಗಂಟನ್ನು ಬಿಚ್ಚುತ್ತದೆ, ನಿಜ. ಆದರೆ ಅದರಲ್ಲಿ ಅದು ಹುಡುಕುವುದು ನಿಲುವುಗಳನ್ನು ಮಾತ್ರ. 'ಕಾಂತಾರ' (2022) ಬಂದಾಗ ದೈವಾರಾಧನೆ ಯಾರದು ಎಂಬ ಜಗಳ ತಿಂಗಳುಗಟ್ಟಲೆ ನಡೆಯಿತು. ಅದು ಅಗತ್ಯವಾದ ಜಗಳವೇ. ಆದರೆ ಭೂತದ ಕೂಗು ಪ್ರೇಕ್ಷಕನ ಬೆನ್ನಹುರಿಯಲ್ಲಿ ಏನು ಮಾಡಿತು, ಆ ನಡುಕವೇ ಅವನನ್ನು ಯಾವ ನಿಲುವಿನ ಕಡೆಗೆ ತಳ್ಳಿತು ಎಂಬುದನ್ನು ಹೇಳದೆ ನಿಲುವನ್ನು ಮಾತ್ರ ಹೇಳಿದರೆ ಅದು ಅರ್ಧ ಓದು.

ಚೆನ್ನಭೈರಾದೇವಿಯ ಚಿತ್ರಕಥೆಯನ್ನು ಇಂದು ಒಬ್ಬ ಕಲಾವಿದ ಬರೆಯಲು ಕುಳಿತನೆಂದು ಭಾವಿಸಬಹುದು. ರಾಣಿಯ ಮುಖವನ್ನು ಶಾಸನಗಳು ಹೇಳುವುದಿಲ್ಲ. ಕಾದಂಬರಿಕಾರ ಅದನ್ನು ವಾಕ್ಯದ ಮರೆಯಲ್ಲಿ ದಾಟಬಲ್ಲ. ಚಿತ್ರಕಾರನಿಗೆ ಮೊದಲ ಚೌಕದಲ್ಲೇ ಮುಖ ಬೇಕು, ಉಡುಗೆ ಬೇಕು, ವಯಸ್ಸು ಬೇಕು. ಐವತ್ತಕ್ಕೂ ಹೆಚ್ಚು ವರ್ಷ ಆಳಿದವಳೆನ್ನಲಾದ ಹೆಣ್ಣನ್ನು ಮುದುಕಿಯಾಗಿ ಬರೆಯುವ ಧೈರ್ಯ ಅವನಿಗಿದೆಯೇ? 'ವೀರರಾಣಿ' ಎಂಬ ಜಾಡು ಅವನಿಗೆ ಸಿದ್ಧವಾದ ಭಂಗಿಯೊಂದನ್ನು ಕೊಡುತ್ತದೆ: ಕುದುರೆ, ಎತ್ತಿದ ಖಡ್ಗ, ಹಿಂದೆ ಉರಿಯುವ ಕೋಟೆ. ಅಬ್ಬಕ್ಕನಿಗೂ ಅದೇ, ಚೆನ್ನಮ್ಮನಿಗೂ ಅದೇ. ಆದರೆ ಈಕೆ ಜೈನ ರಾಣಿ. ಶ್ರಾವಕಧರ್ಮ ಗೃಹಸ್ಥರಿಗೆ ಸಂಕಲ್ಪೀ ಹಿಂಸೆಯನ್ನು ನಿಷೇಧಿಸುತ್ತದೆ. ರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಅನಿವಾರ್ಯವೆಂದು ಸಹಿಸುತ್ತದೆ. ಆ ಎರಡರ ನಡುವಿನ ಗೆರೆಯನ್ನು ಎತ್ತಿದ ಖಡ್ಗದ ಚಿತ್ರ ತೋರಿಸಬಲ್ಲದೇ? ಅದಕ್ಕಿಂತಲೂ ಮುಖ್ಯವಾಗಿ, ಈಕೆಯ ಬಲವಿದ್ದದ್ದು ಖಡ್ಗದಲ್ಲಲ್ಲ, ಮೆಣಸಿನಲ್ಲಿ. ಘಟ್ಟದ ಬಳ್ಳಿಗಳಿಂದ ಇಳಿದು, ಶರಾವತಿಯ ದೋಣಿಗಳಲ್ಲಿ ಹೊನ್ನಾವರಕ್ಕೆ ಸಾಗಿ, ಭಟ್ಕಳದ ಬಂದರನ್ನೂ ಅಘನಾಶಿನಿಯ ದಡದ ಮಿರ್ಜಾನನ್ನೂ ಹಾದು ಹೋದ ಮೆಣಸಿನಲ್ಲಿ. ಅದರ ದರದಲ್ಲಿ, ಒಪ್ಪಂದಗಳಲ್ಲಿ, ಕೊಡುವೆನೆಂದು ತಡೆಹಿಡಿಯುವ ತಾಳ್ಮೆಯಲ್ಲಿ. ವೀರರಾಣಿಯ ಜಾಡಿನಲ್ಲಿ ದರದ ಮಾತುಕತೆಗೆ ಚೌಕವೇ ಇಲ್ಲ. ನಗರಬಸ್ತಿಕೇರಿಯ ಚತುರ್ಮುಖ ಬಸದಿಯಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿದೆ. ಯಾವ ಬಾಗಿಲಿನಿಂದ ಹೊಕ್ಕರೂ ಎದುರಿಗೆ ಜಿನನೇ. ಆ ಬಸದಿಯ ಕಟ್ಟೆಯ ಮೇಲೆ ಕುಳಿತ ಮುದಿ ರಾಣಿಯೊಬ್ಬಳು ಪರಂಗಿ ದಲ್ಲಾಳಿಯ ಮುಂದೆ ಒಂದು ಹಿಡಿ ಮೆಣಸನ್ನು ಸುರಿದು, ಏನೂ ಮಾತಾಡದೆ, ಅವನ ಬಾಯಿಂದ ಮೊದಲ ಬೆಲೆ ಬರುವುದನ್ನು ಕಾಯುತ್ತಿರುವ ಒಂದು ಪುಟವನ್ನು ಯಾರಾದರೂ ಬರೆದ ದಿನ, ಅದನ್ನು ಓದಬಲ್ಲ ವಿಮರ್ಶಕ ಕನ್ನಡ ವಿಭಾಗಗಳಲ್ಲಿ ಇರುತ್ತಾನೆಯೇ?